ಗ್ಯಾಸ್ಕೆಟ್ ಹೊಸದು ಸರಿ, ಹೆಡ್ ಅಳತೆ ನೋಡಿದ್ರಾ?

ಮನೇಲೇ ಹೆಡ್ ಗ್ಯಾಸ್ಕೆಟ್ (ಸಿಲಿಂಡರ್‌ಗಳಿರೋ ಎಂಜಿನ್ ಬ್ಲಾಕಿಗೂ ಅದರ ಮೇಲಿನ ಮುಚ್ಚಳ ಅಂದ್ರೆ ಹೆಡ್ಡಿಗೂ ಮಧ್ಯೆ ಕೂರೋ ಸೀಲ್) ಬದಲಾಯಿಸಿರೋ ಕಾರು ಸ್ವಲ್ಪ ದಿನಕ್ಕೇ ಮತ್ತೆ ಹೀಟ್ ಆಗ್ತಾ ಇದೆ ಅಂತ ನಮ್ಮ ಹತ್ರ ಬಂದಾಗ ನಾನು ಮೊದಲು ಕೇಳೋದು ಒಂದೇ, ಹೆಡ್ ಫ್ಲಾಟ್ ಇದೆಯಾ ಅಂತ ಅಳತೆ ಮಾಡಿದ್ರಾ? "ನೋಡಿದೆ ಸಾರ್, ಚೆನ್ನಾಗೇ ಇತ್ತು" ಅಂತಾರೆ. ಅವರು ನೋಡಿರೋದು ಕಣ್ಣಲ್ಲಿ. ಕಣ್ಣಲ್ಲಿ ನೋಡಿದ್ರೆ ಎಲ್ಲಾ ಹೆಡ್ಡೂ ಚೆನ್ನಾಗೇ ಇರುತ್ತೆ. ಎರಡು ದಿನ ಕೂತು ಮ್ಯಾನಿಫೋಲ್ಡ್ ಬಿಚ್ಚಿ, ಟೈಮಿಂಗ್ ಮಾರ್ಕ್ ಸರಿಯಾಗಿ ಕೂರಿಸಿ, ಟಾರ್ಕ್ ರೆಂಚ್ ಬೇರೆ ತಂದು ಇಷ್ಟೆಲ್ಲಾ ಶ್ರದ್ಧೆಯಿಂದ ಮಾಡಿದೋರು ಅರ್ಧ ಗಂಟೆಯ ಈ ಕೆಲಸ ಬಿಟ್ಟಿರ್ತಾರೆ, ಅದಕ್ಕೇ ನಂಗೆ ಬೇಜಾರಾಗೋದು. ಪೂರ್ತಿ ಎಂಜಿನ್ ಮತ್ತೆ ಬಿಚ್ಚಬೇಕು, ಬೇರೆ ದಾರಿ ಇಲ್ಲ.

ಎಂಜಿನ್ ಬಿಚ್ಚೋದು ಜೋಡಿಸೋದು ಹೇಗೆ ಅಂತ ಇಲ್ಲಿ ಹೇಳಲ್ಲ. ಅದು ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುವಲ್‌ನಲ್ಲಿದೆ, ಮ್ಯಾನ್ಯುವಲ್ ಕೈಯಲ್ಲಿಲ್ಲ ಅಂದ್ರೆ ಈ ಕೆಲಸಕ್ಕೆ ಕೈ ಹಾಕಬೇಡಿ ಅಂತ ಸ್ಪಷ್ಟವಾಗೇ ಹೇಳ್ತೀನಿ. ನಾನು ಕೆಳಗೆ ಕೊಡೋ ಅಂಕಿಗಳೂ ಅಷ್ಟೇ, ಒಂದು ಅಂದಾಜಿಗೆ ಇಟ್ಕೊಳಿ, ನಿಮ್ಮ ಎಂಜಿನ್ನಿಗೆ ಮ್ಯಾನ್ಯುವಲ್ ಏನು ಹೇಳುತ್ತೋ ಅದೇ ಕೊನೇ ಮಾತು.

ತಪ್ಪು ಎಲ್ಲಿ ಶುರುವಾಗುತ್ತೆ ಅಂದ್ರೆ, ಗ್ಯಾಸ್ಕೆಟ್ ಅಂದ್ರೆ ಮೆತ್ತಗಿರೋ ವಸ್ತು, ಏರುತಗ್ಗು ಇದ್ರೆ ಅದೇ ಒತ್ಕೊಂಡು ತುಂಬ್ಕೊಳ್ಳುತ್ತೆ ಅನ್ನೋ ನಂಬಿಕೆಯಲ್ಲಿ. ಆಯಿಲ್ ಸಂಪ್ ಗ್ಯಾಸ್ಕೆಟ್ಟಿಗೆ, ಟ್ಯಾಪೆಟ್ ಕವರ್ ಗ್ಯಾಸ್ಕೆಟ್ಟಿಗೆ ಈ ಮಾತು ಒಂದಷ್ಟು ನಿಜ. ಹೆಡ್ ಗ್ಯಾಸ್ಕೆಟ್ಟಿಗೆ ನಿಜ ಅಲ್ಲ. ಈಗಿನ ಬಹುಪಾಲು ಎಂಜಿನ್‌ಗಳಲ್ಲಿ ಬರೋದು ಹಲವು ಪದರದ ಸ್ಟೀಲ್ ಗ್ಯಾಸ್ಕೆಟ್. ತೆಳು ಸ್ಪ್ರಿಂಗ್ ಸ್ಟೀಲ್ ಹಾಳೆಗಳು, ಪ್ರತಿ ಸಿಲಿಂಡರ್ ಸುತ್ತ ಒಂದು ಉಬ್ಬು ಗೆರೆ, ಮೇಲೆ ರಬ್ಬರಿನ ತೀರಾ ತೆಳು ಲೇಪ. ಸೀಲ್ ಮಾಡೋದು ಆ ಉಬ್ಬು ಗೆರೆ, ಬೋಲ್ಟ್ ಬಿಗಿಯಾದಾಗ ಅದು ಸ್ಪ್ರಿಂಗ್ ತರ ಒತ್ಕೊಂಡು ಕೂತಿರುತ್ತೆ. ಅದು ಎಷ್ಟು ಮೇಲೆ ಕೆಳಗೆ ಆಡಬಲ್ಲದು ಅಂದ್ರೆ ಒಂದು ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕದಲ್ಲಿ, ಅಷ್ಟೇ. ಇನ್ನು ಅದು ತಡೀಬೇಕಾದ ಒತ್ತಡ ನೋಡಿ, ಕಾರಿನ ಟಯರಿನಲ್ಲಿರೋದು ಎರಡು ಚಿಲ್ಲರೆ ಬಾರ್, ಪೆಟ್ರೋಲ್ ಎಂಜಿನ್ ಪೂರ್ತಿ ಲೋಡಿನಲ್ಲಿರುವಾಗ ಸಿಲಿಂಡರ್ ಒಳಗಿನ ಒತ್ತಡ 50 ಬಾರ್ ದಾಟುತ್ತೆ, ಟರ್ಬೊ ಡೀಸೆಲ್‌ನಲ್ಲಿ 150 ಬಾರ್ ಮೇಲೂ ಹೋಗುತ್ತೆ. ಇದು ಒಂದು ಸಲ ಅಲ್ಲ, ನಿಮಿಷಕ್ಕೆ ನೂರಾರು ಸಾವಿರಾರು ಸಲ. ಅಲ್ಲಿ ಹೆಡ್ಡಿಗೂ ಗ್ಯಾಸ್ಕೆಟ್ಟಿಗೂ ಮಧ್ಯೆ ತಲೆಕೂದಲಿನಷ್ಟು ಸಂದಿ ಇದ್ರೂ ಬೆಂಕಿ ನುಗ್ಗುತ್ತೆ, ಮೊದಲು ಸ್ವಲ್ಪ ಸ್ವಲ್ಪವೇ ಗ್ಯಾಸ್ ಕೂಲಂಟ್ ಒಳಗೆ ಹೋಗುತ್ತೆ, ಆಮೇಲೆ ಆ ದಾರಿ ಸುಟ್ಟು ಅಗಲ ಆಗುತ್ತೆ.

ಹೆಡ್ ಯಾಕೆ ಬೆಂಡ್ ಆಗುತ್ತೆ ಅಂತಾನೂ ಸರಿಯಾಗಿ ತಿಳ್ಕೊಳಿ, ಯಾಕಂದ್ರೆ "ನಮ್ ಗಾಡಿ ಒಂದೇ ಒಂದು ಸಲ ಹೀಟ್ ಆಗಿದ್ದು ಸಾರ್" ಅನ್ನೋ ಮಾತು ನಾನು ತುಂಬಾ ಕೇಳ್ತೀನಿ. ಒಂದು ಸಲ ಸಾಕು. ಹೆಡ್ ಅಲ್ಯೂಮಿನಿಯಂ, ಬಹಳ ಎಂಜಿನ್‌ಗಳಲ್ಲಿ ಬ್ಲಾಕ್ ಬೀಡುಕಬ್ಬಿಣ. ಬಿಸಿ ಆದಾಗ ಅಲ್ಯೂಮಿನಿಯಂ ಬೀಡುಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತೆ. ಮಾಮೂಲಿ ಬಿಸಿಗೆ ಇದನ್ನೆಲ್ಲಾ ಲೆಕ್ಕ ಹಾಕೇ ಎಂಜಿನ್ ಮಾಡಿರ್ತಾರೆ. ನೀರು ಖಾಲಿಯಾಗಿ ಹೆಡ್ ಮಿತಿ ಮೀರಿ ಕಾದಾಗ ಅದು ಹಿಗ್ಗಬೇಕು, ಆದ್ರೆ ಬೋಲ್ಟ್‌ಗಳು ಹಿಡ್ಕೊಂಡಿವೆ, ಹೋಗೋಕೆ ಜಾಗ ಇಲ್ಲ, ಲೋಹ ತನ್ನೊಳಗೇ ಒತ್ತಿಕೊಂಡು ಆಕಾರ ಕೆಡುತ್ತೆ. ತಣ್ಣಗಾದ ಮೇಲೆ ಹಳೇ ಆಕಾರಕ್ಕೆ ವಾಪಸ್ ಬರಲ್ಲ. ಅಂದ್ರೆ ಗ್ಯಾಸ್ಕೆಟ್ ಹೋಗಿದ್ದೂ ಹೆಡ್ ಬೆಂಡ್ ಆಗಿದ್ದೂ ಬಹಳ ಸಲ ಒಂದೇ ಘಟನೆ, ಒಂದನ್ನ ಸರಿ ಮಾಡಿ ಇನ್ನೊಂದನ್ನ ಬಿಟ್ರೆ ಏನೂ ಮಾಡಿದಂಗಾಗಲ್ಲ.

ಇನ್ನೊಂದು ಮಾತು, ಬಿಸಿ ಇರೋವಾಗ ಹೆಡ್ ಬೋಲ್ಟ್ ಬಿಚ್ಚಿದ್ರೂ ಹೆಡ್ ಬೆಂಡ್ ಆಗಬಹುದು. ರಾತ್ರಿ ಇಡೀ ಬಿಟ್ಟು ಬೆಳಿಗ್ಗೆ ಬಿಚ್ಚಿ, ಮ್ಯಾನ್ಯುವಲ್ ಹೇಳಿರೋ ಕ್ರಮದಲ್ಲಿ ಎಲ್ಲಾ ಬೋಲ್ಟೂ ಸ್ವಲ್ಪ ಸ್ವಲ್ಪ ಸಡಿಲ ಮಾಡ್ತಾ ಬನ್ನಿ, ಸಾಮಾನ್ಯವಾಗಿ ಎರಡೂ ತುದಿಯಿಂದ ನಡುವಿನ ಕಡೆಗೆ. ತೆಗೆದ ಹೆಡ್ಡನ್ನ ಮುಖ (ಗ್ಯಾಸ್ಕೆಟ್ ಕೂರೋ ಕಡೆ) ಕೆಳಗೆ ಮಾಡಿ ಟೇಬಲ್ ಮೇಲೆ ಇಡಬೇಡಿ, ಕ್ಯಾಮ್ (ವಾಲ್ವ್ ತೆರೆಯೋ ಶಾಫ್ಟ್) ಇನ್ನೂ ಅದರಲ್ಲೇ ಇದ್ರೆ ಕೆಲವು ವಾಲ್ವ್ ಹೊರಗೆ ಚಾಚಿಕೊಂಡಿರುತ್ತೆ, ಭಾರ ಬಿದ್ದು ಬಗ್ಗುತ್ತೆ. ಎರಡು ಮರದ ತುಂಡಿನ ಮೇಲೆ ಇಡಿ.

ಈಗ ಅಳತೆ. ಮುಖ ಪೂರ್ತಿ ಕ್ಲೀನ್ ಆದ ಮೇಲೆ ಒಂದು ಒಳ್ಳೇ ಸ್ಟ್ರೈಟ್ ಎಡ್ಜ್, ಒಂದು ಫೀಲರ್ ಗೇಜ್ ಸೆಟ್ (ಬೇರೆ ಬೇರೆ ದಪ್ಪ ಬರೆದಿರೋ ತೆಳು ಸ್ಟೀಲ್ ಎಲೆಗಳು) ಬೇಕು. ಸ್ಟ್ರೈಟ್ ಎಡ್ಜ್ ಅಂದ್ರೆ ಅದಕ್ಕೇ ಅಂತ ಗ್ರೈಂಡ್ ಮಾಡಿರೋ ಪಟ್ಟಿ. ಸ್ಕೂಲ್ ಸ್ಕೇಲ್ ಅಲ್ಲ, ಗಾರೆ ಕೆಲಸದ ಮಟ್ಟಗೋಲು ಅಲ್ಲ, ಅಲ್ಯೂಮಿನಿಯಂ ಕಿಟಕಿ ಪಟ್ಟಿ ಅಂತೂ ಅಲ್ಲವೇ ಅಲ್ಲ, ಇದನ್ನೆಲ್ಲಾ ತಗೊಂಡು ಅಳೆದವರನ್ನ ನೋಡಿದೀನಿ ಅದಕ್ಕೇ ಹೇಳ್ತಿರೋದು. ಕೊಂಡ್ಕೊಳ್ಳೋಕೆ ಆಗಲ್ಲ ಅಂದ್ರೆ ಒಂದು ದಿನಕ್ಕೆ ಯಾರ ಹತ್ರಾದ್ರೂ ಕೇಳಿ ತನ್ನಿ. ಉದ್ದಕ್ಕೆ ಎರಡೂ ಅಂಚಿನಲ್ಲಿ, ಅಡ್ಡಕ್ಕೆ ಎರಡೂ ತುದಿಯಲ್ಲಿ, ಆಮೇಲೆ ಮೂಲೆಯಿಂದ ಮೂಲೆಗೆ ಎರಡು ಸಲ, ಒಟ್ಟು ಆರು ಗೆರೆ. ಪ್ರತಿ ಗೆರೆಯಲ್ಲೂ ಪಟ್ಟಿಯ ಕೆಳಗೆ ಫೀಲರ್ ತೂರಿಸಿ ನೋಡ್ತಾ ಹೋಗಿ, ಎರಡು ಸಿಲಿಂಡರ್ ಮಧ್ಯದ ಸಣ್ಣ ಜಾಗಗಳಲ್ಲಿ ಜಾಸ್ತಿ ಹೊತ್ತು ನಿಲ್ಲಿ. ಬಹಳ ಎಂಜಿನ್‌ಗಳಿಗೆ ಮಿತಿ 0.05 ಮಿ.ಮೀ.ಯಿಂದ 0.10 ಮಿ.ಮೀ. ಒಳಗೆ ಎಲ್ಲೋ ಇರುತ್ತೆ. ಆ ಮಿತಿಗಿಂತ ದಪ್ಪದ ಎಲೆ ಎಲ್ಲೇ ಒಂದು ಕಡೆ ಒಳಗೆ ಹೋಯ್ತು ಅಂದ್ರೂ ಆ ಹೆಡ್ ಹಂಗೇ ಹಾಕಬಾರದು. "ಒಂದೇ ಜಾಗದಲ್ಲಿ ತಾನೇ" ಅನ್ನಬೇಡಿ, ಲೀಕ್ ಆಗೋಕೆ ಒಂದೇ ಜಾಗ ಸಾಕು. ಬರೀ ಹೆಡ್ ಅಲ್ಲ, ಬ್ಲಾಕ್ ಮುಖಾನೂ ಇದೇ ಆರು ಗೆರೆಯಲ್ಲಿ ಅಳೀಬೇಕು, ಇದನ್ನ ಮಾಡೋರು ಇನ್ನೂ ಕಮ್ಮಿ.

ನಮಗೆ ಗೊತ್ತಿರೋ ಒಬ್ಬ ಹುಡುಗಿ, ತಾತನ ಹಳೇ ಕಾರಿನ ಗ್ಯಾಸ್ಕೆಟ್ಟನ್ನ ತಾತನ ಜೊತೆ ಸೇರಿ ಮನೇಲೇ ಹಾಕ್ತೀವಿ ಅಂತ ಕೂತಿದ್ಲು. ಒಂದು ದಿನ ಸಾಯಂಕಾಲ ಫೋನ್ ಮಾಡಿ, "ಅಂಕಲ್, ಐದು ಗೆರೇಲಿ 0.03 ಒಳಗೇ ಬಂತು, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ 0.08 ಬರ್ತಿದೆ, ಮ್ಯಾನ್ಯುವಲ್ 0.05 ಅನ್ನುತ್ತೆ, ತಾತ ಪರವಾಗಿಲ್ಲ ಹಾಕು ಅಂತಾರೆ, ನೀವೇನಂತೀರಿ" ಅಂತ ಕೇಳಿದ್ಲು. ಆರೂ ಅಂಕಿ ನೋಟ್‌ಬುಕ್ಕಲ್ಲಿ ಬರ್ಕೊಂಡಿದ್ಲು. ನಂಗೆ ಎಷ್ಟು ಖುಷಿ ಆಯ್ತು ಅಂದ್ರೆ ತಾತನಿಗೆ ಫೋನ್ ಕೊಡಮ್ಮ ಅಂತ ನಾನೇ ಮಾತಾಡಿ ಒಪ್ಪಿಸಿದೆ. ಹೆಡ್ ಫೇಸಿಂಗಿಗೆ (ಮುಖಾನ ಮೆಷಿನ್ನಲ್ಲಿ ತೆಳುವಾಗಿ ಕೆತ್ತಿ ಸಮ ಮಾಡೋದು) ಹೋಯ್ತು, ಅಲ್ಲಿ ಪ್ರೆಶರ್ ಟೆಸ್ಟ್ ಮಾಡಿದಾಗ ಎರಡು ವಾಲ್ವ್ ಸೀಟ್ ಮಧ್ಯೆ ಕೂದಲೆಳೆ ಬಿರುಕು ಸಿಕ್ತು, ಕೊನೆಗೆ ಬೇರೆ ಹೆಡ್ಡೇ ಹಾಕಬೇಕಾಯ್ತು. ಅವಳು ಅಳತೆ ಮಾಡದೇ ಇದ್ದಿದ್ರೆ ಆ ಬಿರುಕಿನ ಹೆಡ್ಡೇ ಹೊಸ ಗ್ಯಾಸ್ಕೆಟ್ ಮೇಲೆ ಕೂರ್ತಿತ್ತು.

ಫೇಸಿಂಗ್ ಮಾಡಿಸೋಕೆ ಕೊಡೋವಾಗ ಒಂದೆರಡು ವಿಷಯ ಕೇಳಿ. ಮೊದಲು ಪ್ರೆಶರ್ ಟೆಸ್ಟ್, ಆಮೇಲೆ ಫೇಸಿಂಗ್, ಬಿರುಕು ಬಿಟ್ಟಿರೋ ಹೆಡ್ಡಿಗೆ ಫೇಸಿಂಗ್ ಮಾಡಿಸಿ ದುಡ್ಡು ಕಳೀಬೇಡಿ. ಎಷ್ಟು ತೆಗೆದ್ರು ಅಂತ ಅಂಕಿ ಕೇಳಿ, ಹೆಡ್ಡಿನ ದಪ್ಪಕ್ಕೆ ಒಂದು ಕನಿಷ್ಠ ಮಿತಿ ಇರುತ್ತೆ, ಅದಕ್ಕಿಂತ ಕಮ್ಮಿ ಆದ್ರೆ ಕಂಪ್ರೆಶನ್ ಜಾಸ್ತಿ ಆಗುತ್ತೆ, ಕೆಲವು ಎಂಜಿನ್ನಲ್ಲಿ ವಾಲ್ವ್ ಪಿಸ್ಟನ್ನಿಗೆ ತೀರಾ ಹತ್ರ ಬರುತ್ತೆ. ಡೀಸೆಲ್ ಆದ್ರೆ ಗ್ಯಾಸ್ಕೆಟ್ಟಿನ ದಪ್ಪಾನೇ ಎರಡು ಮೂರು ತರ ಸಿಗಬಹುದು, ಅಂಚಿನಲ್ಲಿರೋ ತೂತು ಅಥವಾ ಕಚ್ಚುಗಳನ್ನ ಎಣಿಸಿ ಯಾವುದು ಅಂತ ಗುರುತಿಸಬೇಕು, ಹಳೇದರಲ್ಲಿ ಎಷ್ಟಿತ್ತು ನೋಡದೇ ಹೊಸದು ತರಬೇಡಿ. ಇನ್ನು ಕ್ಯಾಮ್ ಹೆಡ್ಡಿನಲ್ಲೇ ಕೂರೋ ಎಂಜಿನ್ ಆದ್ರೆ, ಹೆಡ್ ಬೆಂಡ್ ಆದಾಗ ಕೆಳಗಿನ ಮುಖ ಮಾತ್ರ ಅಲ್ಲ, ಮೇಲೆ ಕ್ಯಾಮ್ ಕೂರೋ ಸಾಲೂ ಬಹಳ ಸಲ ಬೆಂಡ್ ಆಗಿರುತ್ತೆ. ಕೆಳಗೆ ಫೇಸಿಂಗ್ ಮಾಡಿದ್ರೆ ಮೇಲಿನದು ನೆಟ್ಟಗಾಗಲ್ಲ. ವಾಲ್ವ್‌ಗಳ ಭಾರ ಇಲ್ಲದೇ ಬರೀ ಕ್ಯಾಮ್ ಕೂರಿಸಿ ಕ್ಯಾಪ್ ಟೈಟ್ ಮಾಡಿದಾಗ ಕೈಯಲ್ಲಿ ಸಲೀಸಾಗಿ ತಿರುಗಬೇಕು, ಎಲ್ಲಾದ್ರೂ ಹಿಡಿದ್ರೆ ಆ ಹೆಡ್ಡಿಗೆ ಬೇರೇನೇ ಚಿಕಿತ್ಸೆ ಬೇಕು, ಅನುಭವ ಇರೋರಿಗೆ ತೋರಿಸಿ.

ಕ್ಲೀನ್ ಮಾಡೋ ವಿಷಯದಲ್ಲಿ ಇನ್ನೊಂದು ತಪ್ಪು ನಡೆಯುತ್ತೆ, ಇದೂ ಶ್ರದ್ಧೆ ಇರೋರೇ ಮಾಡೋದು. ಒಬ್ಬರು ಲೆಕ್ಚರರ್, ಬಹಳ ಒಳ್ಳೇ ಮನುಷ್ಯರು, ಎಮರಿ ಪೇಪರ್ ಬೆರಳಿಗೆ ಸುತ್ಕೊಂಡು ಹೆಡ್ ಮುಖಾನ ಕನ್ನಡಿ ತರ ಹೊಳೆಯೋ ಹಾಗೆ ಉಜ್ಜಿ ಫೋಟೋ ಕಳಿಸಿದ್ರು. ಹೊಳಪಿಗೂ ಫ್ಲಾಟಿಗೂ ಸಂಬಂಧ ಇಲ್ಲ. ಬೆರಳಲ್ಲಿ ಉಜ್ಜಿದ್ರೆ ಬೆರಳು ಒತ್ತಿದ ಕಡೆ ತಗ್ಗು ಆಗುತ್ತೆ, ಅಲ್ಯೂಮಿನಿಯಂ ಅಷ್ಟು ಮೆತ್ತಗಿನ ಲೋಹ. ಡ್ರಿಲ್ಲಿಗೆ ಹಾಕೋ ಉಜ್ಜೋ ಡಿಸ್ಕ್ ಇನ್ನೂ ಕೆಟ್ಟದ್ದು, ತಗ್ಗು ಮಾಡೋದಲ್ಲದೇ ಅದರ ಪುಡಿ ಆಯಿಲ್ ದಾರಿಗೆ ಇಳಿದು ಬೇರಿಂಗ್ ತಿನ್ನುತ್ತೆ. ಪ್ಲಾಸ್ಟಿಕ್ ಸ್ಕ್ರೇಪರ್, ಗ್ಯಾಸ್ಕೆಟ್ ಕರಗಿಸೋ ಸ್ಪ್ರೇ, ತಾಳ್ಮೆ, ಇಷ್ಟರಲ್ಲಿ ಬರದೇ ಇರೋದನ್ನ ಮೆಷಿನ್ ಶಾಪಿಗೆ ಬಿಡಿ. ತೂತುಗಳಿಗೆಲ್ಲಾ ಬಟ್ಟೆ ತುರುಕಿ ಕೆಲಸ ಮಾಡಿ, ಕೊನೇಲಿ ಎಣಿಸಿ ವಾಪಸ್ ತೆಗೀರಿ. ಗ್ಯಾಸ್ಕೆಟ್ಟಿಗೆ ಎರಡೂ ಕಡೆ ಸೀಲಂಟ್ ಬಳಿಯೋದೂ ಬೇಡ, ತಯಾರಕರು ಇಂಥಾ ಜಾಗಕ್ಕೆ ಹಾಕಿ ಅಂತ ಹೇಳಿದ್ರೆ ಅಲ್ಲಿಗೆ ಮಾತ್ರ, ಉಳಿದಂತೆ ಒಣಗಿರೋ ಕ್ಲೀನ್ ಮುಖದ ಮೇಲೆ ಹಾಗೇ ಕೂರಬೇಕು.

ಬೋಲ್ಟ್ ವಿಷಯ ಬೇಗ ಹೇಳಿ ಮುಗಿಸ್ತೀನಿ, ಇದನ್ನ ಈಗ ಜನ ಒಂದು ಮಟ್ಟಿಗೆ ಕಲ್ತಿದಾರೆ. ಇಷ್ಟು ಟಾರ್ಕ್, ಆಮೇಲೆ 90 ಡಿಗ್ರಿ, ಮತ್ತೆ 90 ಡಿಗ್ರಿ ಅಂತ ಕೋನದ ಲೆಕ್ಕದಲ್ಲಿ ಬಿಗಿ ಮಾಡೋ ಬೋಲ್ಟ್‌ಗಳು ಬಹುಪಾಲು ಎಳೆದು ಉದ್ದ ಆಗೋ ಜಾತಿಯವು, ಹೊಸದೇ ಹಾಕಿ. ಬ್ಲಾಕಿನ ಬೋಲ್ಟ್ ತೂತಲ್ಲಿ ಕೂಲಂಟೋ ಆಯಿಲ್ಲೋ ನಿಂತಿದ್ರೆ ಪೂರ್ತಿ ಹೀರಿ ತೆಗೀರಿ, ತಳ ಮುಚ್ಚಿರೋ ತೂತಲ್ಲಿ ದ್ರವ ಇದ್ರೆ ಬೋಲ್ಟ್ ಇಳಿದಾಗ ಅದಕ್ಕೆ ಹೋಗೋಕೆ ದಾರಿ ಇಲ್ಲ, ಬ್ಲಾಕೇ ಸೀಳಬಹುದು. ಬಿಗಿ ಮಾಡೋದು ನಡುವಿನಿಂದ ಹೊರಗೆ.

ಇಷ್ಟೆಲ್ಲಾ ಆದ್ಮೇಲೂ ಗಾಡಿ ಮೊದಲು ಹೀಟ್ ಆಗಿದ್ದು ಯಾಕೆ ಅನ್ನೋದಕ್ಕೆ ಉತ್ತರ ಸಿಕ್ಕಿರಬೇಕು. ಥರ್ಮೋಸ್ಟಾಟ್ ಹಿಡ್ಕೊಂಡಿತ್ತಾ, ಫ್ಯಾನ್ ಆನ್ ಆಗ್ತಿರಲಿಲ್ವಾ, ರೇಡಿಯೇಟರ್ ಕಟ್ಟಿತ್ತಾ, ವಾಟರ್ ಪಂಪ್ ಲೀಕಾ, ಬರೀ ಒಂದು ಹೋಸ್ ಕ್ಲಿಪ್ಪಾ. ಅದು ಸಿಗದೇ ಸ್ಟಾರ್ಟ್ ಮಾಡಬೇಡಿ. ತೆಗೆದ ಹಳೇ ಕೂಲಂಟನ್ನ ತೆರೆದ ಬಕೆಟ್ಟಲ್ಲಿ ಬಿಡಬೇಡಿ, ಅದರಲ್ಲಿರೋ ಎಥಿಲೀನ್ ಗ್ಲೈಕಾಲ್ ರುಚಿ ಸಿಹಿ, ನಾಯಿ ಬೆಕ್ಕು ಮಕ್ಕಳಿಗೆ ಪ್ರಾಣಾಪಾಯ. ಎಂಜಿನ್ ಆಯಿಲ್ಲಿಗೆ ನೀರು ಸೇರಿದ್ದ ಗಾಡಿ ಆದ್ರೆ ಆಯಿಲ್, ಫಿಲ್ಟರ್ ಎರಡನ್ನೂ ಈಗ ಒಂದು ಸಲ, ಸ್ವಲ್ಪ ಓಡಿಸಿ ಇನ್ನೊಂದು ಸಲ ಬದಲಾಯಿಸಿ. ಕೂಲಂಟ್ ತುಂಬಿ, ಮ್ಯಾನ್ಯುವಲ್ ಪ್ರಕಾರ ಗಾಳಿ ತೆಗೆದು, ಹೀಟರ್ ಫುಲ್ ಇಟ್ಟು ಸ್ಟಾರ್ಟ್ ಮಾಡಿದ್ಮೇಲೆ ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿಟ್ಟಿರಿ, ಫ್ಯಾನ್ ಎರಡು ಸಲ ಆನ್ ಆಗಿ ಆಫ್ ಆಗೋವರೆಗೂ ಗಾಡಿ ಬಿಟ್ಟು ಎಲ್ಲೂ ಹೋಗಬೇಡಿ. ಪೂರ್ತಿ ತಣ್ಣಗಾದ ಮೇಲೆ ಕ್ಯಾಪ್ ತೆಗೆದು ಮಟ್ಟ ನೋಡಿ, ಕಮ್ಮಿ ಆಗಿದ್ರೆ ತುಂಬಿ, ಮೊದಲ ಒಂದು ವಾರ ದಿನಾ ಬೆಳಿಗ್ಗೆ ನೋಡ್ತಿರಿ. ಗಾಳಿ ಹೋದ ಹಾಗೆ ಒಂದೆರಡು ದಿನ ಇಳಿಯೋದು ಸಹಜ, ಮೂರ್ನಾಲ್ಕನೇ ದಿನಾನೂ ಇಳೀತಿದ್ರೆ ಓಡಿಸೋದು ನಿಲ್ಲಿಸಿ ತೋರಿಸ್ಕೊಂಡು ಹೋಗಿ, ಬರುವಾಗ ಆ ಆರು ಅಂಕಿ ಬರೆದ ಚೀಟಿ ಜೊತೆಗೆ ತನ್ನಿ.