ಹೊಲ ಇಲ್ಲದವರಿಗೂ ಅಮೆರಿಕದ ಕೃಷಿ ಇಲಾಖೆಯ ಮನೆ ಸಾಲ ಸಿಗುತ್ತದಾ?

ಪ್ರಶ್ನೆ: ಇಂಡಿಯಾನಾ ರಾಜ್ಯದ ಕೊಲಂಬಸ್‌ನಲ್ಲಿ ನನ್ನ ಕೆಲಸ. ಹತ್ತಿರದ ಹೋಪ್ ಎಂಬ ಊರಲ್ಲಿ ಒಂದು ಮನೆ ನೋಡಿದ್ದೇವೆ. ಕೃಷಿ ಇಲಾಖೆಯ ಸಾಲ ತಗೊಂಡರೆ ಡೌನ್ ಪೇಮೆಂಟ್ ಬೇಡ ಅಂತಾರೆ. ನಾನು ರೈತ ಅಲ್ಲ, ನಮಗೆ ಹೊಲವೂ ಬೇಡ. ಆ ಸಾಲ ನಮಗೆ ಸಿಗುತ್ತದಾ?

ಉತ್ತರ: ಸಿಗಬಹುದು. ಇದಕ್ಕೆ ರೈತರೇ ಆಗಿರಬೇಕು ಅಂತೇನಿಲ್ಲ. ನಿಜ ಹೇಳಬೇಕೆಂದರೆ ಬೇಸಾಯದ ಜಮೀನು ಕೊಳ್ಳಲು ಈ ಸಾಲ ಬರುವುದೇ ಇಲ್ಲ. ನೀವೇ ವಾಸ ಮಾಡುವ ಮನೆಗೆ ಮಾತ್ರ ಇದು. ಕೊಂಡು ಬಾಡಿಗೆಗೆ ಬಿಡುವ ಯೋಚನೆ ಇದ್ದರೆ ಬೇರೆ ಸಾಲ ನೋಡಿ.

ಮೊದಲು ನೋಡಬೇಕಾದ್ದು ಮನೆ ಎಲ್ಲಿದೆ ಅನ್ನುವುದು. ಎರಡೂ ಊರು ಇರುವುದು ಬಾರ್ತಲೋಮ್ಯೂ ಕೌಂಟಿಯಲ್ಲೇ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು). ಕೊಲಂಬಸ್‌ನ ಜನಸಂಖ್ಯೆ ಸುಮಾರು 50 ಸಾವಿರ. ಈ ಸಾಲದ ನಿಯಮದಲ್ಲಿ 35 ಸಾವಿರಕ್ಕಿಂತ ದೊಡ್ಡ ಊರು ಹಳ್ಳಿಗಾಡು ಅನ್ನಿಸಿಕೊಳ್ಳುವುದಿಲ್ಲ. ಹಾಗಾಗಿ ನಗರದೊಳಗಿನ ಮನೆಗೆ ಇಲ್ಲ. ಹೋಪ್‌ನಲ್ಲಿ ಇರುವುದು ಎರಡು ಸಾವಿರ ಚಿಲ್ಲರೆ ಜನ. ಅಂಥ ಊರುಗಳಿಗಾಗಿಯೇ ಈ ಸಾಲ ಇರುವುದು.

ಒಂದೇ ಕೌಂಟಿಯಲ್ಲಿ ಹೀಗೇಕೆ ಅಂತ ಕೇಳಿದರೆ ಅಲ್ಲಿನ ಚರಿತ್ರೆಗೇ ಹೋಗಬೇಕು. ನನಗೆ ಬಹಳ ಇಷ್ಟವಾದ ಭಾಗವೂ ಇದೇ. ಕೊಲಂಬಸ್‌ನಲ್ಲಿ ವಿಲಿಯಂ ಇರ್ವಿನ್ ಎಂಬ ಬ್ಯಾಂಕಿನ ಸಾಹುಕಾರ ಇದ್ದ. ಅವನ ಮನೆಯ ಕಾರು ಓಡಿಸುತ್ತಿದ್ದವನು ಕ್ಲೆಸ್ಸಿ ಕಮಿನ್ಸ್. ಇರ್ವಿನ್ ದುಡ್ಡು ಹಾಕಿದ, ಈ ಚಾಲಕ 1919ರಲ್ಲಿ ಡೀಸೆಲ್ ಇಂಜಿನ್ ಕಂಪನಿ ಶುರು ಮಾಡಿದ. ಲಾಭದ ಮುಖ ಕಂಡಿದ್ದು 1937ರಲ್ಲಿ. ಅಷ್ಟೂ ವರ್ಷ ಒಬ್ಬ ಸಾಹುಕಾರ ಕೈಬಿಡದೆ ದುಡ್ಡು ಹಾಕಿದ್ದರಿಂದ ಕಮಿನ್ಸ್ ಕಂಪನಿ ನಿಂತಿತು, ಅದರ ಜೊತೆ ಊರೂ ಬೆಳೆಯಿತು. ಭಾರತದ ಎಷ್ಟೋ ಇಂಜಿನಿಯರುಗಳು ಇವತ್ತು ಅಲ್ಲಿಗೆ ಹೋಗಿ ನೆಲೆಸುವುದೂ ಅದೇ ಕಾರಣಕ್ಕೆ.

ಹೋಪ್‌ನ ಕಥೆ ಬೇರೆ. ಮೊರೇವಿಯನ್ ಪಂಥದ ಕ್ರೈಸ್ತರು ಉತ್ತರ ಕ್ಯಾರೊಲಿನಾದಿಂದ ಬಂದು 1830ರಲ್ಲಿ ಕಟ್ಟಿದ ಊರು ಅದು. ಸುತ್ತ ಹೊಲ, ನಡುವೆ ಒಂದು ಚೌಕ. ಆಗಿನ ಕಾಲದಲ್ಲಿ ಹೊಲದ ಮನೆಯವರು ಒಂದು ಕಾಗದ ಬಂದಿದೆಯಾ ಅಂತ ನೋಡಲು ಗಾಡಿ ಕಟ್ಟಿಕೊಂಡು ಪೇಟೆಯ ಅಂಚೆ ಕಚೇರಿಗೆ ಬರಬೇಕಿತ್ತು. ಮುಂದೆ ಅಂಚೆಯವನು ಮನೆಗೇ ಬರತೊಡಗಿದ್ದೂ ದೊಡ್ಡ ನಗರಗಳಲ್ಲಿ ಮಾತ್ರ. 1896ರ ಅಕ್ಟೋಬರ್‌ನಲ್ಲಿ ಸರ್ಕಾರ ಹಳ್ಳಿಯ ಮನೆಗಳಿಗೂ ಟಪಾಲು ತಲುಪಿಸಿ ನೋಡೋಣ ಅಂತ ಹೊರಟಾಗ ಆರಿಸಿಕೊಂಡ ಮೊದಲ ಕೆಲವು ಊರುಗಳಲ್ಲಿ ಹೋಪ್ ಕೂಡ ಒಂದು.

ನಗರದವರಿಗೆ ಸಿಗುವುದು ಹಳ್ಳಿಯವರಿಗೂ ಸಿಗಲಿ ಎಂಬ ಇದೇ ಯೋಚನೆ ಮನೆ ಸಾಲದ ಹಿಂದೆಯೂ ಇದೆ. 1940ರ ಜನಗಣತಿಯ ಹೊತ್ತಿಗೆ ಅಮೆರಿಕದಲ್ಲಿ ನೂರಕ್ಕೆ ಸುಮಾರು 45 ಮನೆಗಳಲ್ಲಿ ನಲ್ಲಿ, ಬಚ್ಚಲು, ಪಾಯಖಾನೆ ಪೂರ್ತಿಯಾಗಿ ಇರಲಿಲ್ಲ. ಹಳ್ಳಿಗಳಲ್ಲಂತೂ ಪರಿಸ್ಥಿತಿ ಇನ್ನೂ ಕೆಟ್ಟದಾಗಿತ್ತು. 1949ರ ವಸತಿ ಕಾನೂನು ಹಳ್ಳಿ ಮನೆಗಳ ಸಾಲವನ್ನು ಕೃಷಿ ಇಲಾಖೆಗೆ ವಹಿಸಿತು. ಮೊದಲು ಅದು ರೈತರಿಗಷ್ಟೇ. 1961ರಲ್ಲಿ ಹಳ್ಳಿಯ ಉಳಿದವರಿಗೂ ಬಾಗಿಲು ತೆರೆಯಿತು: ಮೇಷ್ಟ್ರು, ಅಂಗಡಿಯವರು, ಕಾರ್ಖಾನೆಯ ಕೆಲಸಗಾರರು. ಇಲಾಖೆಯ ಹೆಸರು ಮಾತ್ರ ಹಾಗೇ ಉಳಿಯಿತು. ನಿಮಗೆ ಗೊಂದಲ ಆಗಿದ್ದು ಅದರಿಂದಲೇ ಅಲ್ವಾ?

ಈಗ ಲೆಕ್ಕಕ್ಕೆ ಬರೋಣ. ಸಾಲದಲ್ಲಿ ಎರಡು ಬಗೆ. ಆದಾಯ ತೀರಾ ಕಡಿಮೆ ಇರುವವರಿಗೆ ಇಲಾಖೆಯೇ ನೇರವಾಗಿ ಕೊಡುತ್ತದೆ. ಅದರಲ್ಲಿ ಕಂತಿಗೆ ಸಿಗುವ ನೆರವು ಸೇರಿದರೆ ಬಡ್ಡಿ ಶೇಕಡಾ 1ರವರೆಗೂ ಇಳಿಯಬಹುದು. ನಿಮ್ಮಂಥವರಿಗೆ ಎರಡನೆಯದು. ಸಾಲ ಕೊಡುವುದು ಬ್ಯಾಂಕು, ಸರ್ಕಾರ ಜಾಮೀನು ನಿಲ್ಲುತ್ತದೆ. 30 ವರ್ಷ ಒಂದೇ ಬಡ್ಡಿ. ಡೌನ್ ಪೇಮೆಂಟ್ ಇಲ್ಲ, ನಿಜ. ಆದರೆ ಜಾಮೀನು ಸುಮ್ನೆ ಸಿಗುವುದಿಲ್ಲ. ಆರಂಭದಲ್ಲಿ ಸಾಲದ ಶೇಕಡಾ 1, ಆಮೇಲೆ ಪ್ರತಿ ವರ್ಷ ಉಳಿದ ಸಾಲದ ಮೇಲೆ ಶೇಕಡಾ 0.35 ಕಟ್ಟಬೇಕು. ಎರಡು ಲಕ್ಷ ಡಾಲರ್ ಸಾಲ ಅಂದುಕೊಳ್ಳಿ. ಮೊದಲಿಗೆ ಸುಮಾರು 2,000 ಡಾಲರ್. ಇದನ್ನು ಸಾಲಕ್ಕೇ ಸೇರಿಸಬಹುದು. ಆಮೇಲೆ ಮೊದಲ ವರ್ಷ ತಿಂಗಳಿಗೆ 60 ಡಾಲರಿಗೆ ಹತ್ತಿರ ಕಂತಿನ ಜೊತೆ ಹೋಗುತ್ತದೆ. ಸಾಲ ತೀರಿದಂತೆ ಅದೂ ಇಳಿಯುತ್ತದೆ.

ಜಾಸ್ತಿ ಜನ ಎಡವುವುದು ಆದಾಯದ ಲೆಕ್ಕದಲ್ಲಿ. ಮನೆಯ ಒಟ್ಟು ಆದಾಯ ಆ ಪ್ರದೇಶದ ಮಧ್ಯಮ ಆದಾಯದ (ಅರ್ಧ ಮನೆಗಳದ್ದು ಇದಕ್ಕಿಂತ ಕಡಿಮೆ, ಅರ್ಧದ್ದು ಹೆಚ್ಚು) ಶೇಕಡಾ 115 ಮೀರಬಾರದು. ಮನೆಯ ಒಟ್ಟು ಆದಾಯ ಅಂದರೆ ಸಾಲಕ್ಕೆ ಸಹಿ ಹಾಕಿದವರದ್ದು ಮಾತ್ರ ಅಲ್ಲ, ಜೊತೆಗಿರುವ ದೊಡ್ಡವರೆಲ್ಲರದ್ದು. ಗಂಡ ಹೆಂಡತಿ ಇಬ್ಬರೂ ಇಂಜಿನಿಯರುಗಳಾದರೆ ಈ ಮಿತಿ ದಾಟುವುದೇ ಹೆಚ್ಚು. ಸಣ್ಣ ಮಕ್ಕಳನ್ನು ಡೇ ಕೇರ್‌ಗೆ ಬಿಡುವ ಖರ್ಚನ್ನು ಕಳೆಯಲು ಅವಕಾಶ ಇದೆ, ಅದನ್ನು ಮರೆಯಬೇಡಿ.

ಇನ್ನೊಂದು ವಿಷಯ ಮೊದಲೇ ತಿಳಿದಿರಲಿ. ಈ ಸಾಲ ಅಮೆರಿಕದ ನಾಗರಿಕರಿಗೆ ಮತ್ತು ಗ್ರೀನ್ ಕಾರ್ಡ್‌ನಂಥ ಕಾಯಂ ವಾಸದ ಹಕ್ಕು ಇರುವವರಿಗೆ. ಬರೀ ಎಚ್ ಒನ್ ಬಿ ಎಂಬ ಕೆಲಸದ ವೀಸಾದಲ್ಲಿ ಇದ್ದರೆ ಸಿಗುವುದಿಲ್ಲ. ಮನೆ ಮೆಚ್ಚಿ, ಮಾತುಕತೆ ಮುಗಿಸಿ, ಆಮೇಲೆ ಇದು ಗೊತ್ತಾದರೆ ತುಂಬಾ ಬೇಜಾರಾಗುತ್ತದೆ.

ಮುಂಗಡ ಕೊಡುವ ಮೊದಲು ಕೃಷಿ ಇಲಾಖೆಯ ನಕ್ಷೆಯಲ್ಲಿ ಆ ಮನೆಯ ಪೂರ್ತಿ ವಿಳಾಸ ಹಾಕಿ ನೋಡಿ. ಊರಿನ ಹೆಸರು ನಂಬಿಕೊಂಡು ಕೂರಬೇಡಿ. ಅಂಚೆ ವಿಳಾಸದಲ್ಲಿ ಕೊಲಂಬಸ್ ಅಂತಿದ್ದರೂ ಮನೆ ನಗರದ ಹೊರಗೆ ಇರಬಹುದು. ಊರಾಚೆಯ ಮನೆಯಾದರೆ ನೀರು ಎಲ್ಲಿಂದ ಬರುತ್ತದೆ ಅಂತಲೂ ಕೇಳಿ. ಸ್ವಂತ ಬಾವಿ ಇದ್ದರೆ ಸಾಲ ಮಂಜೂರಾಗುವ ಮುಂಚೆ ಆ ನೀರಿನ ಪರೀಕ್ಷೆ ಆಗಬೇಕು.