ಗ್ರಾಫಿಕ್ಸ್ ಕಾರ್ಡ್ ಬದಲಿಸುವ ಮೊದಲು ಟಾಸ್ಕ್ ಮ್ಯಾನೇಜರ್ ತೆರೆಯಿರಿ

ಬೇಸಿಗೆಯ ಲಗ್ನದ ಸೀಜನ್ ಬಂತೆಂದರೆ ಕಲಬುರಗಿಯ ವಿಡಿಯೊ ಎಡಿಟಿಂಗ್ ಸ್ಟುಡಿಯೊಗಳಿಂದ, ಆಳಂದ, ಸೇಡಂ, ಜೇವರ್ಗಿಯ ಹುಡುಗರಿಂದ ಒಂದೇ ಮಾತು: “ಅಣ್ಣಾ, ಟೈಮ್‌ಲೈನ್ ಭಾಳ ಅಟಕ್ ಆಗ್ಲಾಕತ್ತದ. ಒಂದ್ ದೊಡ್ಡ ಗ್ರಾಫಿಕ್ ಕಾರ್ಡ್ ಹಾಕಿ ಕೊಡ್ರಿ.” ಕ್ಲಿಪ್ ಜೋಡಿಸುವ ಟೈಮ್‌ಲೈನ್ ತಡೆತಡೆದು ಓಡುತ್ತದೆ ಎಂಬುದು ದೂರು. ಸಿಸ್ಟಮ್ ಬಿಚ್ಚಿ ನೋಡಿದರೆ ಒಳಗೆ ಆಗಲೇ 12 ಜಿಬಿಯ ಆರ್‌ಟಿಎಕ್ಸ್ 3060 ಇರುತ್ತದೆ. ಅದನ್ನು ಅರ್ಧ ಬೆಲೆಗೆ ಮಾರಿ, ಮೇಲೊಂದಿಷ್ಟು ಸಾಲ ಮಾಡಿ 4070 ಹಾಕಿಸುತ್ತಾರೆ. ಅದೇ ಕ್ಲಿಪ್, ಅದೇ ಮೂರು ಕ್ಯಾಮೆರಾ, ಅದೇ ಅಟಕು. ಆಮೇಲೆ “ಕಾರ್ಡ್ ಡುಪ್ಲಿಕೇಟ್ ಕೊಟ್ರೇನ್ರಿ?” ಎಂಬ ಅನುಮಾನ ಬೇರೆ.

ಕಾರ್ಡ್ ಡುಪ್ಲಿಕೇಟ್ ಅಲ್ಲ. ಅದಕ್ಕೆ ಕೆಲಸವೇ ಸಿಗುತ್ತಿಲ್ಲ. ಬೇಳೆ ಮಿಲ್ಲಿಗೆ ಎಷ್ಟೇ ದೊಡ್ಡ ಮೋಟಾರ್ ಕೂರಿಸಿದರೂ ಹಾಪರ್‌ಗೆ ತೊಗರಿ ಬೀಳದಿದ್ದರೆ ಬೇಳೆ ಎಲ್ಲಿಂದ ಬರಬೇಕು?

ಕ್ಯಾಮೆರಾ ವಿಡಿಯೊವನ್ನು ಇದ್ದ ಹಾಗೆ ಬರೆಯುವುದಿಲ್ಲ, ಕುಗ್ಗಿಸಿ ಬರೆಯುತ್ತದೆ. ಎಚ್.264, ಎಚ್.265 ಎನ್ನುವುದು ಈ ಕುಗ್ಗಿಸುವ ವಿಧಾನದ ಹೆಸರು. ಸಾಮಾನ್ಯವಾಗಿ ಇದರಲ್ಲಿ ಪ್ರತಿ ಫ್ರೇಮ್ ಪೂರ್ತಿ ಇರುವುದಿಲ್ಲ. ಒಂದು ಪೂರ್ತಿ ಫ್ರೇಮ್, ಅದರ ಮುಂದೆ ‘ಏನು ಬದಲಾಯಿತು’ ಎಂಬ ಲೆಕ್ಕ ಮಾತ್ರ. ತಾಳಿ ಕಟ್ಟುವ ಕ್ಷಣದ ಮೇಲೆ ನೀವು ಕರ್ಸರ್ ಇಟ್ಟಿರೆಂದರೆ ಕಂಪ್ಯೂಟರ್ ಹಿಂದಿನ ಪೂರ್ತಿ ಫ್ರೇಮಿನಿಂದ ಶುರು ಮಾಡಿ ನಡುವಿನದ್ದನ್ನೆಲ್ಲ ಬಿಚ್ಚುತ್ತಾ ಬರಬೇಕು. ಈ ಬಿಚ್ಚುವ ಕೆಲಸವೇ ಡಿಕೋಡಿಂಗ್. ಇದನ್ನು ಗ್ರಾಫಿಕ್ಸ್ ಕಾರ್ಡಿನ ಸಾವಿರಾರು ಕೋರ್‌ಗಳು ಮಾಡುವುದಿಲ್ಲ. ಚಿಪ್ಪಿನ ಮೂಲೆಯಲ್ಲಿ ಅದಕ್ಕೆಂದೇ ಮಾಡಿದ ಸಣ್ಣ ಡಿಕೋಡರ್ ಇರುತ್ತದೆ. ಯಾವ ನಮೂನೆಯ ಫೈಲ್ ಅದಕ್ಕೆ ಗೊತ್ತೋ ಅದನ್ನು ಮಾತ್ರ ಬಿಚ್ಚುತ್ತದೆ. ಗೊತ್ತಿಲ್ಲದ್ದು ಬಂದರೆ ಪೂರ್ತಿ ಹೊರೆ ಪ್ರೊಸೆಸರ್ ತಲೆ ಮೇಲೆ.

ಈಗಿನ ಕ್ಯಾಮೆರಾಗಳಲ್ಲಿ ಗೋಳು ಹುಟ್ಟುವುದು 4:2:2, 10 ಬಿಟ್ ಎಂಬಲ್ಲಿ. 8 ಬಿಟ್ ಎಂದರೆ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು, 10 ಬಿಟ್ ಎಂದರೆ 1024. 4:2:0ದಲ್ಲಿ ನಾಲ್ಕು ಪಿಕ್ಸೆಲ್‌ಗಳಿಗೆ ಸೇರಿ ಒಂದು ಬಣ್ಣದ ಮಾಹಿತಿ, 4:2:2ರಲ್ಲಿ ಎರಡು ಪಿಕ್ಸೆಲ್‌ಗೆ ಒಂದು. ಗ್ರೇಡಿಂಗ್‌ಗೆ, ಅಂದರೆ ಬಣ್ಣ ತಿದ್ದುವುದಕ್ಕೆ, ಇದು ಒಳ್ಳೆಯದು, ಒಪ್ಪೋಣ. ಆದರೆ ಆರ್‌ಟಿಎಕ್ಸ್ 20, 30, 40 ಸರಣಿಯ ಯಾವ ಕಾರ್ಡೂ, ಅಂದರೆ 4090 ಕೂಡ, 4:2:2 ಬಿಚ್ಚುವುದಿಲ್ಲ. 2025ರಲ್ಲಿ ಬಂದ 50 ಸರಣಿಯಿಂದ ಮಾತ್ರ ಆ ಸೌಲಭ್ಯ ಬಂತು, ಅದಕ್ಕೂ ಎಡಿಟಿಂಗ್ ಸಾಫ್ಟ್‌ವೇರ್ ಹೊಸ ಆವೃತ್ತಿಯದ್ದಾಗಿರಬೇಕು. ಆದರೆ ಇಂಟೆಲ್‌ನ 11ರಿಂದ 14ನೇ ಜನರೇಷನ್ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಒಳಗೇ ಇರುವ ಪುಕ್ಕಟೆ ಗ್ರಾಫಿಕ್ಸ್, ಯಾರೂ ಲೆಕ್ಕಕ್ಕೇ ಇಡದ ಆ ಯುಎಚ್‌ಡಿ 730, 770, ಎಚ್.265ರ 4:2:2 10 ಬಿಟ್ ಅನ್ನು ಆರಾಮಾಗಿ ಬಿಚ್ಚುತ್ತದೆ. ಇದಕ್ಕೇ ಕ್ವಿಕ್ ಸಿಂಕ್ ಎನ್ನುವುದು. ಎಡಿಯಸ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್ ಬಳಸುವ ಹಳಬರಿಗೆ ಈ ಹೆಸರು ಹೊಸದಲ್ಲ.

ಹಾಗಾಗಿ ಹೆಸರಿನ ಕೊನೆಗೆ ‘ಎಫ್’ ಇರುವ ಇಂಟೆಲ್ ಪ್ರೊಸೆಸರ್ ಎಡಿಟಿಂಗ್‌ಗೆ ಕೊಳ್ಳಬೇಡಿ. ಐ5-13400 ಬೇರೆ, ಐ5-13400ಎಫ್ ಬೇರೆ. ಎಫ್‌ನಲ್ಲಿ ಒಳಗಿನ ಗ್ರಾಫಿಕ್ಸ್ ಬಂದ್ ಇರುತ್ತದೆ. “ಹೆಂಗೂ ಕಾರ್ಡ್ ಹಾಕ್ತೀರಲ್ಲ, ಎಫ್ ತಗೋರಿ, ರೊಕ್ಕ ಉಳಿತದ” ಎಂದು ಅಂಗಡಿಯವರು ಹೇಳುವುದು ಗೇಮ್ ಆಡುವವರ ಲೆಕ್ಕದಲ್ಲಿ ಸರಿ, ನಿಮ್ಮ ಲೆಕ್ಕದಲ್ಲಿ ತಪ್ಪು. 14 ಕೋರ್ ಅಗ್ಗಕ್ಕೆ ಸಿಗುತ್ತದೆಂದು ಹಳೆಯ ಜಿಯಾನ್ ಇ5 ಪ್ರೊಸೆಸರ್ ಮತ್ತು ಚೀನಾ ಬೋರ್ಡ್ ತರಿಸುವವರಿಗೂ ಇದೇ ಮಾತು. ಅದರಲ್ಲಿ ಕ್ವಿಕ್ ಸಿಂಕ್ ಇಲ್ಲವೇ ಇಲ್ಲ. ಎಎಂಡಿಯ ರೈಜನ್ ಚಲೋ ಪ್ರೊಸೆಸರೇ, ಆದರೆ 7000 ಸರಣಿಯ ಒಳಗಿನ ಗ್ರಾಫಿಕ್ಸ್ ಕೂಡ 4:2:2 ಬಿಚ್ಚುವುದಿಲ್ಲ. ರೈಜನ್ನೇ ಬೇಕೆಂದರೆ ಜೊತೆಗೆ 50 ಸರಣಿಯ ಕಾರ್ಡ್ ಇರಲಿ.

ಇನ್ನೊಂದು ತೊಡಕಿದೆ. ಇಂಟೆಲ್‌ನ ಈ ಚಿಪ್‌ಗಳು ಎಚ್.265ರ 4:2:2 ಬಿಚ್ಚುತ್ತವೆಯೇ ಹೊರತು ಎಚ್.264ರ 4:2:2 10 ಬಿಟ್ ಬಿಚ್ಚುವುದಿಲ್ಲ. ಸೋನಿ ಎ7 ಮಾರ್ಕ್ 4ರಲ್ಲಿ ಎಕ್ಸ್‌ಎವಿಸಿ ಎಸ್ 4ಕೆ ಎಂದರೆ ಎಚ್.264, ಎಕ್ಸ್‌ಎವಿಸಿ ಎಚ್‌ಎಸ್ 4ಕೆ ಎಂದರೆ ಎಚ್.265. ಎಸ್‌ನಲ್ಲಿ 25ಪಿ (ಸೆಕೆಂಡಿಗೆ 25 ಫ್ರೇಮ್), 140 ಎಂ (ಸೆಕೆಂಡಿಗೆ 140 ಮೆಗಾಬಿಟ್), 4:2:2 10 ಬಿಟ್ ಇಟ್ಟು ಶೂಟ್ ಮಾಡಿದ ಫೈಲು 14ನೇ ಜನರೇಷನ್ ಐ9ಗೂ ತಲೆನೋವೇ. ಕಲರ್ ಮಾಡುವುದೇ ಇಲ್ಲ, ಪೆನ್ ಡ್ರೈವ್‌ನಲ್ಲಿ ಫುಲ್ ಎಚ್‌ಡಿ ಕೊಡುವುದು ಎನ್ನುವ ಲಗ್ನ, ಕುಬಸ, ಜವಳದ ಕೆಲಸಕ್ಕೆ ಅದೇ ಮೆನುವಿನಲ್ಲಿ 100 ಎಂ, 4:2:0 8 ಬಿಟ್ ಸಾಕು. ಅದನ್ನು ಹತ್ತು ವರ್ಷದ ಹಿಂದಿನ ಕಾರ್ಡೂ ಬಿಚ್ಚುತ್ತದೆ. ಗ್ರೇಡಿಂಗ್ ಬೇಕೇ ಬೇಕೆಂದರೆ ಎಚ್‌ಎಸ್‌ನಲ್ಲಿ 4:2:0 10 ಬಿಟ್ ಇಡಿ, ಆರ್‌ಟಿಎಕ್ಸ್ ಕಾರ್ಡ್‌ಗಳು ಅದನ್ನು ಓದುತ್ತವೆ. ಕ್ಯಾಮೆರಾದ ಒಂದು ಸೆಟ್ಟಿಂಗ್ ಬದಲಿಸಿದರೆ ಮುಗಿಯುವ ಕೆಲಸಕ್ಕೆ ಅರ್ಧ ಲಕ್ಷ ಸುರಿಯುವುದನ್ನು ನೋಡಿದಾಗ ಸಿಟ್ಟೂ ಬರುತ್ತದೆ, ಪಾಪ ಅಂತಲೂ ಅನಿಸುತ್ತದೆ. ಇಡೀ ಸೀಜನ್ನಿನ ದುಡಿಮೆ ಅದು.

ಆಗಲೇ ಶೂಟ್ ಆದ ಫೈಲಿಗೆ ಪ್ರಾಕ್ಸಿ, ಅಂದರೆ ಎಡಿಟ್ ಮಾಡಲೆಂದೇ ಒಂದು ಹಗುರ ನಕಲು, ಮಾಡಿಕೊಳ್ಳಿ. ಪ್ರೀಮಿಯರ್‌ನಲ್ಲಿ ಕ್ಲಿಪ್‌ಗಳ ಮೇಲೆ ರೈಟ್ ಕ್ಲಿಕ್, ಪ್ರಾಕ್ಸಿ, ಕ್ರಿಯೇಟ್ ಪ್ರಾಕ್ಸೀಸ್. ರಾತ್ರಿ ಹಚ್ಚಿ ಮಲಗಿದರೆ ಬೆಳಿಗ್ಗೆ ತಯಾರು. ಎಡಿಟ್ ಆಗುವುದು ಸಣ್ಣ ಫೈಲಿನ ಮೇಲೆ, ಎಕ್ಸ್‌ಪೋರ್ಟ್ ಆಗುವುದು ಮೂಲ ಫೈಲಿನಿಂದ. “ಪ್ರಾಕ್ಸಿ ಮಾಡಿದ್ರ ಕ್ವಾಲಿಟಿ ಹೋಗ್ತದ” ಎನ್ನುವುದು ಸುಳ್ಳು.

ಈಗ ಪರೀಕ್ಷೆ. ಮೀಡಿಯಾಇನ್ಫೊ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಕ್ಲಿಪ್ ತೆರೆದು ಫಾರ್ಮ್ಯಾಟ್, ಕ್ರೋಮಾ ಸಬ್‌ಸ್ಯಾಂಪ್ಲಿಂಗ್, ಬಿಟ್ ಡೆಪ್ತ್ ಈ ಮೂರು ಸಾಲು ಓದಿ. ಫೋನಿನ ವಿಡಿಯೊ ಆದರೆ ಫ್ರೇಮ್ ರೇಟ್ ಮೋಡ್ ಕೂಡ ನೋಡಿ. ‘ವೇರಿಯಬಲ್’ ಎಂದಿದ್ದರೆ ಮಾತೂ ತುಟಿಯೂ ತಪ್ಪುವುದು ಅದರಿಂದಲೇ, ಹ್ಯಾಂಡ್‌ಬ್ರೇಕ್‌ನಲ್ಲಿ ಕಾನ್‌ಸ್ಟಂಟ್ ಮಾಡಿಕೊಂಡು ಆಮೇಲೆ ಟೈಮ್‌ಲೈನಿಗೆ ತನ್ನಿ. ನಂತರ ಯಾವ ಎಫೆಕ್ಟೂ ಹಾಕದೆ ಕ್ಲಿಪ್ ಪ್ಲೇ ಮಾಡಿ, ಪಕ್ಕದಲ್ಲಿ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ತೆರೆದಿಡಿ. ಜಿಪಿಯು (ಗ್ರಾಫಿಕ್ಸ್) ಪುಟದಲ್ಲಿ ‘ವಿಡಿಯೊ ಡಿಕೋಡ್’ ಎಂಬ ಗೆರೆ ನೆಲಕ್ಕಂಟಿದ್ದು ಸಿಪಿಯು (ಪ್ರೊಸೆಸರ್) ನೂರರ ಹತ್ತಿರ ಇದ್ದರೆ ಮೇಲೆ ಹೇಳಿದ್ದೇ ಕಾಯಿಲೆ. ಡಿಸ್ಕ್ ನೂರಕ್ಕೆ ನೂರು ಇದ್ದರೆ ಡಿಸ್ಕ್‌ನದು. ಎಫೆಕ್ಟ್ ಹಾಕಿದ ಮೇಲಷ್ಟೇ ಅಟಕಾಗಿ, ಜಿಪಿಯುನ 3ಡಿ ಅಥವಾ ಕುಡಾ ಗೆರೆ ಮೇಲೇರಿ ನಿಂತರೆ, ಆಗ ಬನ್ನಿ, ದೊಡ್ಡ ಕಾರ್ಡಿನ ಮಾತಾಡೋಣ. ಡವಿಂಚಿ ರಿಸಾಲ್ವ್‌ನಲ್ಲಿ ನಾಯ್ಸ್ ರಿಡಕ್ಷನ್, ಭಾರೀ ಗ್ರೇಡಿಂಗ್ ಮಾಡುವವರಿಗೆ ಅದು ನಿಜಕ್ಕೂ ಬೇಕಾಗುತ್ತದೆ.

ಕಾರ್ಡ್ ಹಾಕಿದ ಕೂಡಲೇ ಕೆಲವು ಮದರ್‌ಬೋರ್ಡ್‌ಗಳು ಒಳಗಿನ ಗ್ರಾಫಿಕ್ಸ್ ಅನ್ನು ತಾವೇ ಬಂದ್ ಮಾಡುತ್ತವೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಪಿಯು 0, ಜಿಪಿಯು 1 ಎಂದು ಎರಡು ಕಾಣದಿದ್ದರೆ ಬಯಾಸ್‌ಗೆ (ಮದರ್‌ಬೋರ್ಡಿನ ಸೆಟ್ಟಿಂಗ್ ಪುಟ) ಹೋಗಿ ಐಜಿಪಿಯು ಮಲ್ಟಿ-ಮಾನಿಟರ್ ಎಂಬುದನ್ನು ಎನೇಬಲ್ ಮಾಡಿ. ಹೆಸರು ಕಂಪನಿಯಿಂದ ಕಂಪನಿಗೆ ತುಸು ಬೇರೆ ಇರಬಹುದು. ಬಳಿಕ ಇಂಟೆಲ್ ಡ್ರೈವರ್ ಹಾಕಿ, ಪ್ರೀಮಿಯರ್‌ನ ಪ್ರಿಫರೆನ್ಸಸ್‌ನಲ್ಲಿ ಮೀಡಿಯಾ ವಿಭಾಗದ ಹಾರ್ಡ್‌ವೇರ್ ಡಿಕೋಡಿಂಗ್‌ನಲ್ಲಿ ಇಂಟೆಲ್‌ಗೆ ಟಿಕ್ ಹಾಕಿ, ಸಾಫ್ಟ್‌ವೇರ್ ಮುಚ್ಚಿ ತೆರೆಯಿರಿ. ಮಾನಿಟರ್ ಕೇಬಲ್ ಮಾತ್ರ ಕಾರ್ಡ್‌ನಲ್ಲೇ ಇರಲಿ. ರಿಸಾಲ್ವ್ ಉಚಿತ ಆವೃತ್ತಿಯವರಿಗೆ ಈ ಸೌಲಭ್ಯ ಪೂರ್ತಿ ಸಿಗುವುದಿಲ್ಲ, ಅದಕ್ಕೆ ಸ್ಟುಡಿಯೊ ಆವೃತ್ತಿ ಬೇಕು.

ಡಿಸ್ಕ್ ಲೆಕ್ಕ ಸರಳ. 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 12.5 ಎಂಬಿ, ಗಂಟೆಗೆ 45 ಜಿಬಿ. ಮೂರು ಕ್ಯಾಮೆರಾ ಮಲ್ಟಿಕ್ಯಾಮ್‌ಗೆ 40 ಎಂಬಿಯೂ ಆಗಲಿಲ್ಲ, ಹಾರ್ಡ್‌ಡಿಸ್ಕ್ 150 ಕೊಡುತ್ತದಲ್ಲ ಎಂದು ಕೇಳಬಹುದು. ಒಂದೇ ಫೈಲನ್ನು ಸಾಲಾಗಿ ಓದಿದರೆ ಕೊಡುತ್ತದೆ. ಮೂರು ಫೈಲಿಗೆ ಡಿಸ್ಕ್ ಓದುವ ಮುಳ್ಳು ಅತ್ತಿತ್ತ ಓಡಾಡಬೇಕಾದರೆ ವೇಗ ಬಿದ್ದುಹೋಗುತ್ತದೆ. ನಡೆಯುತ್ತಿರುವ ಕೆಲಸ ಎಸ್‌ಎಸ್‌ಡಿಯಲ್ಲಿ, ಮುಗಿದದ್ದು ಹಾರ್ಡ್‌ಡಿಸ್ಕ್‌ನಲ್ಲಿ, ಅದೂ ಎರಡು ಪ್ರತಿ. ಸಾಟಾ ಎಸ್‌ಎಸ್‌ಡಿಯ 500 ಎಂಬಿ ಸಾಕು. ಇನ್ನೂ ವೇಗದ ಎನ್‌ವಿಎಂಇ ಎಸ್‌ಎಸ್‌ಡಿಗಳ ಜೆನ್ 4ಗೂ ಜೆನ್ 3ಗೂ ಟೈಮ್‌ಲೈನ್‌ನಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಎಸ್‌ಎಸ್‌ಡಿಯನ್ನು ಕಂಠಮಟ್ಟ ತುಂಬಬೇಡಿ, ಐದರಲ್ಲಿ ಒಂದು ಪಾಲು ಖಾಲಿ ಇರಲಿ. ಸಿ ಡ್ರೈವ್‌ನಲ್ಲಿ ಬೆಳೆಯುತ್ತಾ ಹೋಗುವ ಮೀಡಿಯಾ ಕ್ಯಾಶ್ (ಎಡಿಟಿಂಗ್ ಸಾಫ್ಟ್‌ವೇರಿನ ತಾತ್ಕಾಲಿಕ ಫೈಲುಗಳು) ಅನ್ನು ಬೇರೆ ಡ್ರೈವ್‌ಗೆ ಬದಲಿಸಿ. ಕ್ಯಾಮೆರಾ ಕಾರ್ಡಿನಿಂದಲೇ ನೇರ ಎಡಿಟ್ ಮಾಡುವವರಿಗೆ ಹೇಳುವುದಕ್ಕೆ ನನ್ನ ಬಳಿ ಏನೂ ಇಲ್ಲ.

ರ‍್ಯಾಮ್ 32 ಜಿಬಿ, 16ರ ಎರಡು ಕಡ್ಡಿ. ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದು. ಅಕ್ಕಪಕ್ಕ ಚುಚ್ಚಬೇಡಿ. ಬಯಾಸ್‌ನಲ್ಲಿ ರ‍್ಯಾಮ್ ಪೂರ್ತಿ ವೇಗದಲ್ಲಿ ಓಡುವಂತೆ ಎಕ್ಸ್‌ಎಂಪಿ ಆನ್ ಮಾಡಿ.

ಇನ್ನು ನಮ್ಮೂರಿನ ಬಿಸಿಲು. ಇಂಟೆಲ್ ಪ್ರೊಸೆಸರ್ 100 ಡಿಗ್ರಿ ಮುಟ್ಟಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಕೋಣೆ 25 ಡಿಗ್ರಿ ಇದ್ದರೆ ಪ್ರೊಸೆಸರ್ ಮೇಲಿನ ಕೂಲರ್‌ಗೆ 75 ಡಿಗ್ರಿಯ ಅಂತರ ಸಿಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಪತ್ರಾಸ್ ಹೊದಿಸಿದ ಮಹಡಿಯ ಕೋಣೆ 40 ಇದ್ದರೆ 60 ಮಾತ್ರ. ಅಲ್ಲಿ 200 ವ್ಯಾಟ್ ಶಾಖ ಒಯ್ಯುತ್ತಿದ್ದ ಕೂಲರ್ ಇಲ್ಲಿ 160 ಒಯ್ದೀತು. ಬೆಂಗಳೂರಿನವರ ಯೂಟ್ಯೂಬ್ ನೋಡಿ ಅದೇ ಕೂಲರ್ ತರಿಸಿದರೆ ಆಗುವುದು ಇದೇ. ಎಚ್‌ಡಬ್ಲ್ಯುಇನ್ಫೊ ಎಂಬ ಸಾಫ್ಟ್‌ವೇರ್‌ನಲ್ಲಿ ಥರ್ಮಲ್ ಥ್ರಾಟ್ಲಿಂಗ್ ಎಂಬಲ್ಲಿ ‘ಯೆಸ್’ ಕಂಡರೆ ಕೂಲರ್ ದೊಡ್ಡದು ಮಾಡಿ. ಇಲ್ಲವೇ ಬಯಾಸ್‌ನಲ್ಲಿ ಪವರ್ ಲಿಮಿಟ್ ಇಳಿಸಿ. 253 ವ್ಯಾಟ್ ತನಕ ಎಳೆಯುವ ಐ7-14700ಕೆ ಅನ್ನು 125ಕ್ಕೆ ಕಟ್ಟಿಹಾಕಿದರೆ ಎಕ್ಸ್‌ಪೋರ್ಟ್ ಸ್ವಲ್ಪ ತಡವಾದೀತು, ನಡುವೆ ನಿಲ್ಲುವುದಿಲ್ಲ.

ಕ್ಯಾಬಿನೆಟ್ ಮುಂದೆ ಗಾಜು ಬೇಡ, ಜಾಳಿಗೆ ಇರಲಿ. ಶಹಾಬಾದ್ ಕಡೆಯ ಪರ್ಸಿ ಧೂಳು, ವಾಡಿ, ಸೇಡಂ ಕಡೆಯ ಸಿಮೆಂಟ್ ಧೂಳು, ಬೇಳೆ ಮಿಲ್ಲಿನ ಹೊಟ್ಟು ಬರುವಲ್ಲಿ ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೊಳೆಯಿರಿ. ನೀರಿನ ಏರ್‌ಕೂಲರ್ ಅನ್ನು ಕ್ಯಾಬಿನೆಟ್ ಕಡೆಗೆ ತಿರುಗಿಸಿ ಇಡುವುದು ನಮ್ಮಲ್ಲಿ ಎಲ್ಲ ಕಡೆ ಇದೆ. ತಂಪೇನೋ ಹೌದು, ಆದರೆ ಆ ತೇವಕ್ಕೆ ಧೂಳು ಪ್ರೊಸೆಸರ್ ಕೂಲರ್‌ನ ಅಲ್ಯೂಮಿನಿಯಂ ಪಟ್ಟಿಗಳ ನಡುವೆ ಕೆಸರಿನಂತೆ ಕೂತು ಒಣಗುತ್ತದೆ. ಬ್ಲೋವರ್ ಹೊಡೆದರೂ ಬಿಡುವುದಿಲ್ಲ, ಬ್ರಷ್ ಹಾಕಿ ಕೆರೆಯಬೇಕು. ಏರ್‌ಕೂಲರ್ ಕೋಣೆಗೆ ಇರಲಿ, ಕ್ಯಾಬಿನೆಟ್ ಅದರ ನೇರಕ್ಕೆ ಬೇಡ. ಬ್ಲೋವರ್ ಹೊಡೆಯುವಾಗ ಫ್ಯಾನಿಗೆ ಬೆರಳು ಕೊಟ್ಟು ತಡೆಯಿರಿ, ಗರಗರ ತಿರುಗಲು ಬಿಟ್ಟರೆ ಫ್ಯಾನ್ ಕೆಡುತ್ತದೆ.

ಕರೆಂಟ್ ಹೋದಾಗ ಮನೆಯ ಇನ್ವರ್ಟರ್ ಮೇಲೆ ಸಿಸ್ಟಮ್ ರೀಸ್ಟಾರ್ಟ್ ಆಗುತ್ತಿದ್ದರೆ ಇನ್ವರ್ಟರಿನ ಹಿಂಬದಿಯ ಸ್ವಿಚ್ ‘ಯುಪಿಎಸ್’ ಕಡೆಗಿದೆಯೇ ನೋಡಿ. ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಹೊಸ ಎಸ್‌ಎಂಪಿಎಸ್‌ಗಳು (ಕಂಪ್ಯೂಟರಿನ ಪವರ್ ಸಪ್ಲೈ) ಗುಂಯ್‌ಗುಟ್ಟುತ್ತವೆ, ಕೆಲವು ನಿಂತೇ ಹೋಗುತ್ತವೆ, ಸೈನ್ ವೇವ್ ಇರಲಿ. 600 ವಿಎ ಯುಪಿಎಸ್ ಎಂದರೆ ಸುಮಾರು 360 ವ್ಯಾಟ್, ಎಕ್ಸ್‌ಪೋರ್ಟ್ ನಡೆದಿರುವಾಗ ಅದು ಅಂಚಿನಲ್ಲಿರುತ್ತದೆ. 1000 ವಿಎ ತಗೊಳ್ಳಿ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎಂದರೆ ಕಂಪ್ಯೂಟರ್‌ನವರನ್ನಲ್ಲ, ಅರ್ಥಿಂಗ್ ನೋಡಲು ಎಲೆಕ್ಟ್ರಿಷಿಯನ್ನನ್ನು ಕರೆಯಿರಿ.

13, 14ನೇ ಜನರೇಷನ್‌ನ ದೊಡ್ಡ ಇಂಟೆಲ್ ಚಿಪ್ ಇದ್ದು ಎಕ್ಸ್‌ಪೋರ್ಟ್‌ನಲ್ಲಿ ಕಾರಣವಿಲ್ಲದೆ ಕ್ರ್ಯಾಶ್ ಆಗುತ್ತಿದ್ದರೆ ಬಯಾಸ್ ತಾರೀಖು ನೋಡಿ. ವೋಲ್ಟೇಜ್ ಹೆಚ್ಚಾಗಿ ಚಿಪ್ ಸವೆಯುವ ದೋಷಕ್ಕೆ ಇಂಟೆಲ್ 2024ರ ಆಗಸ್ಟ್‌ನಿಂದ ತಿದ್ದುಪಡಿ ಕೊಡುತ್ತಾ ಬಂದಿದೆ, ಬಾಕ್ಸ್‌ನಲ್ಲಿ ಬಂದ ಚಿಪ್‌ಗಳಿಗೆ ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಿದೆ. ಆಗಲೇ ಸವೆದ ಚಿಪ್ ಇದರಿಂದ ಸರಿಹೋಗುವುದಿಲ್ಲ, ಬದಲಿಸಿಯೇ ಕೊಳ್ಳಬೇಕು. ಬಯಾಸ್ ಅಪ್‌ಡೇಟ್ ಮಾತ್ರ ಯುಪಿಎಸ್ ಇಲ್ಲದೆ ಮಾಡಬೇಡಿ, ನಡುವೆ ಕರೆಂಟ್ ಹೋದರೆ ಬೋರ್ಡೇ ಹೋದೀತು.

ಇಷ್ಟಾದರೂ ತಿಳಿಯದಿದ್ದರೆ ಸಿಸ್ಟಮ್ ಹೊತ್ತು ತರುವ ಮೊದಲು ಮೂರು ವಸ್ತು ತನ್ನಿ: ಟಾಸ್ಕ್ ಮ್ಯಾನೇಜರ್‌ನ ಫೋಟೊ, ಮೀಡಿಯಾಇನ್ಫೊದ ಫೋಟೊ, ಅಟಕಾಗುವ ಒಂದು ನಿಮಿಷದ ಮೂಲ ಕ್ಲಿಪ್. ಕ್ಲಿಪ್ ಪೆನ್ ಡ್ರೈವ್‌ನಲ್ಲಿರಲಿ. ವಾಟ್ಸಾಪ್‌ನಲ್ಲಿ ವಿಡಿಯೊ ಎಂದೇ ಕಳಿಸಿದರೆ ಅದು ಮತ್ತೆ ಕುಗ್ಗಿ ಬರುತ್ತದೆ, ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲೂ ಬೆಣ್ಣೆಯಂತೆ ಓಡುತ್ತದೆ.