ದಿನಚರಿ ಕಾದಂಬರಿ

ಇಂಗ್ಲಿಷ್ ಕಾದಂಬರಿಗಾರ್ತಿ ಇ. ಎಂ. ಡೆಲಫೀಲ್ಡ್ ಅವರ ‘ಡೈರಿ ಆಫ್ ಎ ಪ್ರಾವಿನ್ಶಿಯಲ್ ಲೇಡಿ’ಯನ್ನು (1930) ಲೇಖಕಿಯ ಆತ್ಮಕಥೆಯೆಂದು ಪರಿಚಯಿಸುವ ಬರಹಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. ಅದು ಆತ್ಮಕಥೆಯಲ್ಲ, ಲೇಖಕಿಯ ಖಾಸಗಿ ದಿನಚರಿಯೂ ಅಲ್ಲ. ಕಲ್ಪಿತ ಗೃಹಿಣಿಯೊಬ್ಬಳು ಬರೆದಿಟ್ಟಂತೆ ಕಟ್ಟಿದ ದಿನಚರಿ ಕಾದಂಬರಿ.

ಗೊಂದಲಕ್ಕೆ ಆಸ್ಪದವಿದೆಯೆಂಬುದು ನಿಜ. ಡೆಲಫೀಲ್ಡ್ ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಹಳ್ಳಿಗಾಡಿನಲ್ಲಿ ಬಾಳಿದವರು, ಅವರ ಪತಿ ಜಮೀನುದಾರರ ಎಸ್ಟೇಟಿನ ಮೇಲ್ವಿಚಾರಕರು, ಮಕ್ಕಳು ಇಬ್ಬರು. ಕಾದಂಬರಿಯ ಗೃಹಿಣಿಯ ಗಂಡ ರಾಬರ್ಟ್ ಕೂಡ ಲೇಡಿ ಬಾಕ್ಸ್ ಎಂಬ ಸಿರಿವಂತೆಯ ಎಸ್ಟೇಟನ್ನು ನೋಡಿಕೊಳ್ಳುವವನು, ಆ ಗೃಹಿಣಿಗೂ ಇಬ್ಬರು ಮಕ್ಕಳು. ಆದರೆ ಬದುಕಿನಿಂದ ಸಾಮಗ್ರಿ ತೆಗೆದುಕೊಂಡ ಮಾತ್ರಕ್ಕೆ ಕೃತಿ ಆತ್ಮಕಥೆಯಾಗುವುದಾದರೆ, ಕಾದಂಬರಿಯೆಂಬ ಹೆಸರಿಗೆ ಅರ್ಹವಾದ ಪುಸ್ತಕಗಳು ಬಹಳ ಉಳಿಯುವುದಿಲ್ಲ.

ನಿರ್ಣಾಯಕವಾದ ವ್ಯತ್ಯಾಸ ಕಾಲಕ್ಕೆ ಸಂಬಂಧಿಸಿದ್ದು. ಆತ್ಮಕಥೆ ಬರೆಯುವವರಿಗೆ ಯಾವ ಪ್ರಸಂಗ ಹೇಗೆ ಮುಗಿಯಿತೆಂಬುದು ಮೊದಲೇ ಗೊತ್ತಿರುತ್ತದೆ. ದಿನಚರಿಯ ನಿರೂಪಕಿಗೆ ನಾಳೆಯ ಸುಳಿವೇ ಇರುವುದಿಲ್ಲ. ನವೆಂಬರಿನಲ್ಲಿ ಮನೆಯೊಳಗಿನ ಕುಂಡಗಳಿಗೆ ಹೂಗಡ್ಡೆಗಳನ್ನು ನೆಡುತ್ತಿರುವಾಗ ಲೇಡಿ ಬಾಕ್ಸ್ ಬಂದು, ಇದನ್ನು ಸೆಪ್ಟೆಂಬರಿನಲ್ಲೇ ಮಾಡಬೇಕಿತ್ತೆನ್ನುತ್ತಾಳೆ. ಅಲ್ಲಿಂದ ಮುಂದೆ ಆ ಗಡ್ಡೆಗಳ ಪಾಡು ಬಿಡಿಬಿಡಿ ದಿನಗಳ ನಮೂದುಗಳಲ್ಲಿ ಇಷ್ಟಿಷ್ಟೇ ತಿಳಿಯುತ್ತ ಹೋಗುತ್ತದೆ, ಪ್ರತಿ ನಮೂದಿನಲ್ಲೂ ಒಂದಿಷ್ಟು ಆಸೆ ಉಳಿದಿರುತ್ತದೆ. ಇದನ್ನೇ ನೆನಪಿನ ಧಾಟಿಯಲ್ಲಿ ‘ಆ ವರ್ಷ ಗಡ್ಡೆಗಳು ಸರಿಯಾಗಿ ಬರಲಿಲ್ಲ’ ಎಂದು ಬರೆದರೆ ಹಾಸ್ಯ ಅಲ್ಲಿಗೇ ಮುಗಿಯಿತು. ಬ್ಯಾಂಕಿನ ಓವರ್‌ಡ್ರಾಫ್ಟ್, ಅಡುಗೆಯವಳನ್ನು ಮಾತನಾಡಿಸಲು ಅಳುಕುವ ಯಜಮಾನಿ, ಗಿರವಿಗೆ ಹೋಗುವ ವಜ್ರದ ಉಂಗುರ, ಹೆಂಡತಿಯ ಮಾತಿಗೆ ಪತ್ರಿಕೆಯ ಹಿಂದೆಯೇ ನಿದ್ದೆಹೋಗುವ ಗಂಡ, ಇವೆಲ್ಲವೂ ನಗು ತರಿಸುವುದು ಅವು ಅಂದಂದಿನ ತಾಪತ್ರಯಗಳಾಗಿ ಬರುವುದರಿಂದಲೇ. ‘ಟೈಮ್ ಅಂಡ್ ಟೈಡ್’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಬರಹಕ್ಕೆ ಈ ರೂಪ ಚೆನ್ನಾಗಿಯೇ ಒಗ್ಗಿತು.

ಗ್ರೋಸ್‌ಸ್ಮಿತ್ ಸೋದರರ ‘ಡೈರಿ ಆಫ್ ಎ ನೋಬಡಿ’ ಎಂಬ ಹಾಸ್ಯ ದಿನಚರಿ ಕಾದಂಬರಿಯನ್ನು (1892) ಇದರ ಜೊತೆಗಿಟ್ಟು ಎರಡೂ ಒಂದೇ ಬಗೆಯವೆನ್ನುವುದೂ ಸರಿಯಲ್ಲ. ಅದರಲ್ಲಿ ದಿನಚರಿ ಬರೆಯುವ, ಲಂಡನ್ನಿನ ಹೊರವಲಯದ ಗುಮಾಸ್ತ ಪೂಟರ್‌ಗೆ ತಾನೇ ನಗೆಗೀಡಾಗುತ್ತಿದ್ದೇನೆಂಬ ಅರಿವೇ ಇಲ್ಲ. ಅಲ್ಲಿ ಓದುಗರು ನಗುವುದು ಅವನ ಬೆನ್ನ ಹಿಂದೆ. ಡೆಲಫೀಲ್ಡರ ಗೃಹಿಣಿಗೆ ತನ್ನ ಪೇಚು ಚೆನ್ನಾಗಿ ಗೊತ್ತು, ಲೇಡಿ ಬಾಕ್ಸ್‌ಗೆ ಕೊಡಬೇಕಿದ್ದ ಚುರುಕು ಉತ್ತರ ಮಾತ್ರ ಸಮಯಕ್ಕೆ ಬಾಯಿಗೆ ಬರುವುದಿಲ್ಲ.